ಅಳತೆ ರವಿಕೆಯೂ ಕೀಲುಗೊಂಬೆಯೂ

ನಮ್ಮಮ್ಮನ ಹೊಲಿಗೆ ಮಿಶನ್ನಿನ ಹಿಂದಿನ ಗೋಡೆಗೆ ಉದ್ದನೆಯ ಒಂದು ಮೊಳೆ ಹೊಡೆದಿತ್ತು. ಹಳೆಯ ವೃತ್ತಪತ್ರಿಕೆಯಲ್ಲಿ ಕತ್ತರಿಸಿದ ರವಿಕೆಯ ಅಚ್ಚುಗಳು ಆ ಮೊಳೆಗೆ ಒಂದರ ಮೇಲೊಂದು ನೇತುಬಿದ್ದಿರುತ್ತಿದ್ದವು. ಬೆನ್ನು, ಮುಂಭಾಗ, ತೋಳು, ಪಟ್ಟಿ ಇವಿಷ್ಟನ್ನೂ ಒಂದು ದಾರದಲ್ಲಿ ಪೋಣಿಸಿ, ಮೇಲೆ ಸೀಸದ ಕಡ್ಡಿಯಲ್ಲಿ 'ಪೋಸ್ಟಾಫೀಸಿನವರು', 'ಮೇಷ್ಟರ ಹಿರಿಸೊಸೆ', 'ರೈಲ್ವೆ ಗೇಟಿನ ಹತ್ತಿರ' ಎಂದು ಬರೆದಿರುತ್ತಿದ್ದಳು. ದೀಪಾವಳಿಯ ಮುಂಚೆ ಅರಸೀಕೆರೆಯ ಅರ್ಧ ಹೆಂಗಸರು ನಮ್ಮ ಜಗುಲಿಯಲ್ಲೇ ಇರುತ್ತಿದ್ದರು. ಹೊಸಬರು ಬಂದರೆ ಮಾತ್ರ ಅಳತೆ ರವಿಕೆ ಕೇಳುವುದು. ಹಳಬರಿಗೆ ಅದೇ ಕಾಗದ. ಬಾಣಂತನ ಮುಗಿಸಿ ದಪ್ಪವಾಗಿ ಬಂದವರಿಗೆ ಅಮ್ಮ ಹೊಸ ಅಚ್ಚು ಕತ್ತರಿಸುತ್ತಿರಲಿಲ್ಲ. ಅದೇ ಕಾಗದವನ್ನು ಬಟ್ಟೆಯ ಮೇಲಿಟ್ಟು ಅಂಚಿನಿಂದ ಒಂದು ಬೆರಳು ಆಚೆ ಸೀಮೆಸುಣ್ಣ ಎಳೆಯುತ್ತಿದ್ದಳು. ಮತ್ತೆ ತೆಳ್ಳಗಾದರೆ ಒಂದು ಬೆರಳು ಈಚೆ. ಕಾಗದ ಮಾತ್ರ ಮೊದಲಿದ್ದ ಹಾಗೇ ಮೊಳೆಗೆ ವಾಪಸು ಹೋಗುತ್ತಿತ್ತು.

ಈ ಮೊಳೆಯ ವಿಷಯ ನನಗೆ ಮರೆತೇ ಹೋಗಿತ್ತು. ನೆನಪಿಸಿದವಳು ನನ್ನ ಮಗಳು.

ಅವಳು ಬೆಂಗಳೂರಿನ ಒಂದು ಕಂಪನಿಯಲ್ಲಿ ಅನಿಮೇಷನ್ ಕೆಲಸಕ್ಕೆ ಸೇರಿದಾಗ, ಅದೇನು ಕೆಲಸವೆಂದು ನಮ್ಮೂರಿನವರಿಗೆ ವಿವರಿಸುವುದೇ ನನಗೊಂದು ಕೆಲಸವಾಯಿತು. 'ಕಾರ್ಟೂನು ಮಾಡ್ತಾಳೆ' ಎಂದರೆ, 'ಅಯ್ಯೋ, ಇಂಜಿನಿಯರಿಂಗ್ ಸೀಟು ಸಿಗಲಿಲ್ಲವಾ?' ಎನ್ನುವವರೇ ಹೆಚ್ಚು. ನನಗೂ ಅದರ ತಲೆಬುಡ ಗೊತ್ತಿರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವಳಿಗೆ ಪಾಣಿಪತ್ ಕದನಗಳ ಇಸವಿ ಗೊತ್ತು, ಕಂಪ್ಯೂಟರಿನಲ್ಲಿ ಗೊಂಬೆ ಹೇಗೆ ಕುಣಿಯುತ್ತದೆಂದು ಗೊತ್ತಿಲ್ಲ. ಒಂದು ಸಲ ಅವಳ ಮನೆಗೆ ಹೋಗಿದ್ದಾಗ ರಾತ್ರಿ ಹನ್ನೊಂದಾದರೂ ಪರದೆಯ ಮುಂದೆ ಕೂತಿದ್ದಳು. ಹಾಲು ಕೊಡಲು ಹೋದವಳು ಪರದೆ ನೋಡಿ ಗಾಬರಿಯಾದೆ. ಒಬ್ಬ ಹೆಂಗಸು ತುಂಡುತುಂಡಾಗಿ ಬಿದ್ದಿದ್ದಳು. ತಲೆ ಒಂದು ಕಡೆ, ಮುಂಡ ಒಂದು ಕಡೆ, ಮೇಲ್ದೋಳು, ಮುಂಗೈ, ಸಾಲಾಗಿ ಐದಾರು ಅಂಗೈಗಳು, ಒಂದು ಮೂಲೆಯಲ್ಲಿ ಬರೀ ಬಾಯಿಗಳು.

'ಏನೇ ಇದು, ಕುರುಕ್ಷೇತ್ರ ಮುಗಿದ ಹಾಗಿದೆ?'

'ರಿಗ್ ಅಂತಾರಮ್ಮ. ಅಜ್ಜಿಯ ಮೊಳೆ ಇತ್ತಲ್ಲ, ಅದೇ' ಎಂದಳು.

ಆಮೇಲೆ ಕೂರಿಸಿಕೊಂಡು ತೋರಿಸಿದಳು. ಆಫ್ಟರ್ ಎಫೆಕ್ಟ್ಸ್ ಎಂಬ ತಂತ್ರಾಂಶ. ಗೊಂಬೆಯನ್ನು ಇಡಿಯಾಗಿ ಬರೆಯುವುದಿಲ್ಲ. ಅಂಗ ಅಂಗವಾಗಿ ಬರೆದು, ಪ್ರತಿಯೊಂದನ್ನೂ ಒಂದೊಂದು ಪದರದಲ್ಲಿ ಇಟ್ಟು, ಅಂಗೈಯನ್ನು ಮುಂಗೈಗೂ, ಮುಂಗೈಯನ್ನು ಮೇಲ್ದೋಳಿಗೂ, ಮೇಲ್ದೋಳನ್ನು ಭುಜಕ್ಕೂ ಕಟ್ಟುತ್ತಾರೆ. ಎಲ್ಲಿ ತಿರುಗಬೇಕೋ ಅಲ್ಲೊಂದು ಬಿಂದು, ಅದೇ ಕೀಲು. ಚೆನ್ನಾಗಿ ಕಟ್ಟಿದ ಮೇಲೆ ಅಂಗೈ ಹಿಡಿದು ಎಳೆದರೆ ಸಾಕು, ಮೊಣಕೈ ತಾನಾಗಿ ಮಡಿಚಿಕೊಳ್ಳುತ್ತದೆ. ಈ ಕಟ್ಟುವ ಕೆಲಸಕ್ಕೆ ವಾರಗಳು ಹಿಡಿಯುತ್ತವೆ. ಆದರೆ ಒಮ್ಮೆ ಕಟ್ಟಿದ ಗೊಂಬೆಯನ್ನು ಎಷ್ಟು ದೃಶ್ಯಗಳಲ್ಲಿ ಬೇಕಾದರೂ ಕರೆದು ನಿಲ್ಲಿಸಬಹುದು. ಮೂಲ ಗೊಂಬೆ ಒಂದೇ ಕಡೆ ಇರುತ್ತದೆ. ಅದರ ಸೀರೆಯ ಬಣ್ಣ ಬದಲಿಸಿದರೆ ಇಪ್ಪತ್ತು ದೃಶ್ಯಗಳಲ್ಲೂ ಬದಲಾಗುತ್ತದೆ. ಒಂದು ದೃಶ್ಯದಲ್ಲಿ ಮಾತ್ರ ಬೇರೆ ಬಣ್ಣ ಬೇಕೆಂದರೆ ಅದಕ್ಕೂ ಗುಂಡಿಗಳಿವೆ. ಒಂದು ಬೆರಳು ಆಚೆ, ಒಂದು ಬೆರಳು ಈಚೆ!

ಆ ರಾತ್ರಿ ಅವಳು ಮಾಡುತ್ತಿದ್ದದ್ದು ಗೊಂಬೆಯ ಭಾರ ಇಳಿಸುವ ಕೆಲಸ. ಸೀರೆಯ ನೆರಿಗೆಗೇ ಮೂವತ್ತು ಪದರಗಳಾಗಿ, ಕಂಪ್ಯೂಟರು ಒಂದು ಹೆಜ್ಜೆ ಹಾಕಿಸುವುದಕ್ಕೂ ಉಸಿರು ಬಿಡುತ್ತಿತ್ತಂತೆ. ನೆರಿಗೆಗಳನ್ನು ಸೇರಿಸಿ ನಾಲ್ಕು ಪದರ ಮಾಡಿದಳು. ಕಾಣದೆ ಒಳಗೆ ಅಡಗಿದ್ದ ತುಣುಕುಗಳನ್ನೆಲ್ಲ ಕಿತ್ತಳು. ಹತ್ತು ಬೆರಳಿಗೂ ಇದ್ದ ಕೀಲುಗಳನ್ನು ತೆಗೆದು, ಅದರ ಬದಲು ಅಂಗೈಯ ಆರು ಭಂಗಿ ಬರೆದಿಟ್ಟು, ಬೇಕಾದಾಗ ಬೇಕಾದ್ದು ಮೇಲೆ ಬರುವಂತೆ ಮಾಡಿದಳು. 'ಕೀಲು ಜಾಸ್ತಿ ಇಟ್ಟಷ್ಟೂ ಗೊಂಬೆ ಚೆನ್ನಾಗಿ ಆಡುತ್ತೆ ಅಂದ್ಕೊಂಡಿದ್ದೆ. ಎಲ್ಲಿ ಬೇಡ ಅಂತ ಗೊತ್ತಾಗೋಕೆ ನನಗೆ ಮೂರು ವರ್ಷ ಹಿಡೀತು' ಎಂದಳು. ನಮ್ಮಮ್ಮ ಕೂಡ ರವಿಕೆಗೆ ಡಾಟ್ಸ್ ಎಲ್ಲಿ ಹಿಡಿಯಬಾರದೆಂದು ನನಗೆ ಕಲಿಸಲು ಹೋಗಿ ಸೋತಿದ್ದಳು. ನಾನು ಚರಿತ್ರೆ ಓದಿಕೊಂಡೆ.

ಚರಿತ್ರೆಯವಳಾದ್ದರಿಂದಲೇ ನನಗೆ ಇದರ ಬೇರು ಎಲ್ಲಿದೆ ಎಂಬ ಕುತೂಹಲ ಹುಟ್ಟಿತು. ಮಗಳು ಒಂದು ಹೆಸರು ಹೇಳಿದಳು: ಲೊಟ್ಟೆ ರೈನಿಗರ್. ದಕ್ಷಿಣ ಕನ್ನಡದ ನನ್ನ ಗೆಳತಿಗೆ ಫೋನಿನಲ್ಲಿ ಹೇಳಿದರೆ ಬಿದ್ದುಬಿದ್ದು ನಕ್ಕಳು. ಅವರ ಮನೆಮಾತಿನಲ್ಲಿ ಲೊಟ್ಟೆ ಎಂದರೆ ಸುಳ್ಳು. ನಿಜಕ್ಕೂ ಈಕೆಯ ಬದುಕು ಕೇಳಿದರೆ ಯಾರೋ ಕಟ್ಟಿದ ಕತೆಯ ಹಾಗೇ ಇದೆ.

ಲೊಟ್ಟೆ ಹುಟ್ಟಿದ್ದು 1899ರ ಜೂನ್ 2ರಂದು, ಬರ್ಲಿನ್ನಿನಲ್ಲಿ. ಚಿಕ್ಕಂದಿನಿಂದ ಕೈಗೆ ಕತ್ತರಿ, ಕಪ್ಪು ಕಾಗದ. ನೋಡಿದ್ದನ್ನೆಲ್ಲ ನೆರಳಿನಾಕಾರವಾಗಿ ಕತ್ತರಿಸುವ ಹುಚ್ಚು. ಮನೆಯಲ್ಲೇ ನೆರಳಿನಾಟದ ಪುಟ್ಟ ರಂಗಮಂದಿರ ಮಾಡಿಕೊಂಡು ಆಡಿಸುತ್ತಿದ್ದಳು. 1915ರಲ್ಲಿ ಪಾಲ್ ವೆಗೆನರ್ ಎಂಬ ಹೆಸರಾಂತ ನಟ, ಸಿನಿಮಾದಲ್ಲಿ ಏನೇನು ಚಮತ್ಕಾರ ಸಾಧ್ಯವೆಂದು ಮಾಡಿದ ಭಾಷಣ ಕೇಳಿ ಅವಳಿಗೆ ದಾರಿ ಹೊಳೆಯಿತು. ಅವನ ಹತ್ತಿರ ಸುಳಿಯಬೇಕೆಂದು ಮ್ಯಾಕ್ಸ್ ರೈನ್‌ಹಾರ್ಟನ ನಾಟಕಶಾಲೆಗೆ ಸೇರಿದಳು. ವೇದಿಕೆಯ ಪಕ್ಕದಲ್ಲಿ ನಿಂತು ನಟರ ಆಕೃತಿಗಳನ್ನು ಕತ್ತರಿಸಿ ಕತ್ತರಿಸಿ ಅವರ ಗಮನ ಸೆಳೆದಳು. ನಟರಿಗೆ ತಮ್ಮ ಆಕೃತಿ ನೋಡಿಕೊಳ್ಳುವುದಕ್ಕಿಂತ ಪ್ರಿಯವಾದದ್ದು ಇನ್ನೇನಿದೆ!

ವೆಗೆನರ್ 1918ರಲ್ಲಿ ಹ್ಯಾಮೆಲಿನ್ನಿನ ಕಿಂದರಿಜೋಗಿಯ ಸಿನಿಮಾ ಮಾಡಿದ. ನಮ್ಮ ಮಕ್ಕಳಿಗೆ ಕುವೆಂಪು ಅವರಿಂದ ಪರಿಚಯವಾದ ಅದೇ ಕಿಂದರಿಜೋಗಿ. ಬರಹದ ಫಲಕಗಳನ್ನು ಕತ್ತರಿಸಿ ಮಾಡಿದವಳು ಹತ್ತೊಂಬತ್ತು ದಾಟದ ಲೊಟ್ಟೆ. ಇಲಿಗಳದೇ ತೊಂದರೆಯಾಯಿತು. ನಿಜವಾದ ಇಲಿಗಳು ಹೇಳಿದ ಕಡೆ ಹೋಗಲಿಲ್ಲ. ಕಡೆಗೆ ಮರದ ಇಲಿಗಳನ್ನು ಮಾಡಿ, ಒಂದೊಂದು ಚಿತ್ರಕ್ಕೂ ಸ್ವಲ್ಪಸ್ವಲ್ಪ ಸರಿಸಿ ಚಿತ್ರೀಕರಿಸಿದರು. ಆ ಕೆಲಸದಲ್ಲೂ ಅವಳ ಕೈ ಇತ್ತು. ಮರುವರ್ಷವೇ ಅವಳ ಸ್ವಂತ ಪುಟ್ಟ ಚಿತ್ರ ಹೊರಬಂತು. 1921ರಲ್ಲಿ ಕಾರ್ಲ್ ಕೋಖ್‌ನನ್ನು ಮದುವೆಯಾದಳು. ಅಲ್ಲಿಂದ ಮುಂದೆ ಕ್ಯಾಮೆರಾ ಹೆಚ್ಚಾಗಿ ಗಂಡನದು, ಕತ್ತರಿ ಹೆಂಡತಿಯದು.

ಇನ್ನು ಮೇಲಿನದು ನನಗೆ ಬಹಳ ಇಷ್ಟವಾದ ಭಾಗ. 1923, ಜರ್ಮನಿಯಲ್ಲಿ ಹಣದುಬ್ಬರ. ಪಾಠ ಮಾಡುವಾಗ ನಾನು ಮಕ್ಕಳಿಗೆ ಹೇಳುತ್ತಿದ್ದೆ, ಆ ವರ್ಷದ ನವೆಂಬರ್‌ನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕು ಕೊಡಬೇಕಿತ್ತೆಂದು. ನೋಟಿಗಿಂತ ಯಾವ ವಸ್ತುವಾದರೂ ವಾಸಿ ಎಂದು ಜನ ಸಿಕ್ಕಿದ್ದನ್ನು ಕೊಂಡಿಡುತ್ತಿದ್ದರು. ಲೂಯಿ ಹಾಗೆನ್ ಎಂಬ ಬ್ಯಾಂಕರು ಹೀಗೆಯೇ ಸಿನಿಮಾದ ಕಚ್ಚಾ ರೀಲನ್ನು ಕೊಂಡಿಟ್ಟಿದ್ದ. ಅದರಿಂದ ಲಾಭವಾಗುವಂತೆ ಕಾಣಲಿಲ್ಲ. ಇಪ್ಪತ್ತನಾಲ್ಕರ ಲೊಟ್ಟೆಯನ್ನು ಕರೆದು, ಇದರಲ್ಲಿ ಪೂರ್ಣಾವಧಿಯ ನೆರಳುಚಿತ್ರ ಮಾಡಬಲ್ಲೆಯಾ ಎಂದು ಕೇಳಿದ. ಆ ಕಾಲಕ್ಕೆ ಇಂಥ ಚಿತ್ರಗಳೆಂದರೆ ಹತ್ತು ನಿಮಿಷದ ನಗೆಚಾಟಿಕೆ. ಆದರೂ ಅವಳು ಒಪ್ಪಿದಳು. ಪಾಟ್ಸ್‌ಡ್ಯಾಮಿನಲ್ಲಿ ಅವನ ಮನೆಯ ಪಕ್ಕದ ಕಾರು ಷೆಡ್ಡಿನ ಅಟ್ಟವೇ ಸ್ಟುಡಿಯೋ ಆಯಿತು. ಮಾಡು ತಗ್ಗು. ಮೇಲಿನ ಕ್ಯಾಮೆರಾಕ್ಕೂ ಕೆಳಗಿನ ಗಾಜಿಗೂ ಸಾಕಷ್ಟು ಅಂತರ ಸಿಗಲೆಂದು ಗಾಜನ್ನು ನೆಲಕ್ಕೆ ಆದಷ್ಟೂ ಹತ್ತಿರ ಇಟ್ಟು, ಅವಳು ಹಳೆಯ ಕಾರಿನಿಂದ ಕಿತ್ತ ಸೀಟಿನ ಮೇಲೆ ಮಂಡಿಯೂರಿ ಕೂತು ಕೆಲಸ ಮಾಡಿದಳು. 1923ರಿಂದ 1926ರವರೆಗೆ, ಮೂರು ವರ್ಷ.

ಗೊಂಬೆಗಳನ್ನು ಮಾಡಿದ ಬಗೆ ಇದು. ಕಪ್ಪು ರಟ್ಟು, ಅದರ ಜೊತೆಗೆ ತೆಳುವಾದ ಸೀಸದ ತಗಡು. ತಲೆ, ಕುತ್ತಿಗೆ, ಎದೆ, ಸೊಂಟ, ತೋಳು, ಕೈ, ತೊಡೆ, ಕಾಲು ಎಲ್ಲ ಬೇರೆಬೇರೆ ಕತ್ತರಿಸಿ, ಸೇರುವ ಕಡೆ ಅಂಚನ್ನು ದುಂಡಗೆ ಮಾಡಿ, ಒಂದರ ಮೇಲೊಂದು ಇಟ್ಟು ತೂತು ಕೊರೆದು ತಂತಿಯ ಕೀಲು ಹಾಕುವುದು. ಸೀಸದ ಭಾರಕ್ಕೆ ಗೊಂಬೆ ಗಾಜಿನ ಮೇಲೆ ಅಂಟಿದ ಹಾಗೆ ಮಲಗುತ್ತದೆ, ಉಸಿರು ತಾಗಿದರೆ ಅಲುಗುವುದಿಲ್ಲ. ಗಾಜಿನ ಕೆಳಗಿನಿಂದ ದೀಪ, ಮೇಲಿನಿಂದ ಕ್ಯಾಮೆರಾ. ಕೈಯನ್ನು ಕೂದಲೆಳೆಯಷ್ಟು ಸರಿಸು, ಒಂದು ಚಿತ್ರ ತೆಗೆ. ಮತ್ತೆ ಸರಿಸು, ಮತ್ತೊಂದು. ಮುಖವನ್ನು ಹತ್ತಿರದಿಂದ ತೋರಿಸಬೇಕಾದರೆ ಅದೇ ಪಾತ್ರದ ದೊಡ್ಡ ಗೊಂಬೆಯನ್ನೇ ಬೇರೆ ಮಾಡಬೇಕು. ನನ್ನ ಮಗಳು ಗುಂಡಿ ಒತ್ತಿ ದೊಡ್ಡದು ಮಾಡುವುದನ್ನು ಆಕೆ ಮತ್ತೆ ಕತ್ತರಿಯಲ್ಲಿ ಮಾಡುತ್ತಿದ್ದಳು. ಅವಳ ಕೈಯ ಚಲನಚಿತ್ರವೂ ಉಳಿದಿದೆ. ಬಲಗೈಯ ಕತ್ತರಿ ನಿಂತಲ್ಲೇ ನಿಂತಿರುತ್ತದೆ, ಎಡಗೈ ಕಾಗದವನ್ನು ತಿರುಗಿಸುತ್ತದೆ. ನಮ್ಮಮ್ಮನದು ಇದಕ್ಕೆ ತದ್ವಿರುದ್ಧ: ಬಟ್ಟೆ ಚಾಪೆಯ ಮೇಲೆ ಸ್ಥಿರ, ಕತ್ತರಿಯೇ ಓಡಬೇಕು.

ಚಿತ್ರದ ಹೆಸರು 'ರಾಜಕುಮಾರ ಅಹ್ಮದನ ಸಾಹಸಗಳು'. ಅರೇಬಿಯನ್ ನೈಟ್ಸ್ ಕತೆ. 1926ರ ಮೇ 2ರಂದು ಬರ್ಲಿನ್ನಿನಲ್ಲಿ ಮೊದಲ ಪ್ರದರ್ಶನ. ಅದೇ ವರ್ಷ ಪ್ಯಾರಿಸ್ಸಿನವರೂ ಮೆಚ್ಚಿದರು. ಡಿಸ್ನಿಯ ಸ್ನೋ ವೈಟ್ ಬಂದದ್ದು 1937ರಲ್ಲಿ, ಹನ್ನೊಂದು ವರ್ಷ ತಡವಾಗಿ. ಆದರೂ ಕ್ವಿಜ್ ಸ್ಪರ್ಧೆಗಳಲ್ಲಿ ಮೊದಲ ಪೂರ್ಣಾವಧಿ ಕಾರ್ಟೂನು ಯಾವುದೆಂದರೆ ನಮ್ಮ ಮಕ್ಕಳು ಥಟ್ಟನೆ ಸ್ನೋ ವೈಟ್ ಎನ್ನುತ್ತಿದ್ದರು. ನಾನೇ ಹಾಗೆ ಬರೆಸಿದ್ದೇನೆ. (ಅದಕ್ಕೂ ಮುಂಚೆ, 1917ರಲ್ಲಿ, ಅರ್ಜೆಂಟೀನಾದಲ್ಲಿ ಕ್ವಿರಿನೋ ಕ್ರಿಸ್ತಿಯಾನಿ ಎಂಬಾತ ರಟ್ಟಿನ ಗೊಂಬೆಗಳಲ್ಲೇ ಒಂದು ಪೂರ್ಣಾವಧಿ ಚಿತ್ರ ಮಾಡಿದ್ದ. ಅದರ ಪ್ರತಿಯೇ ಈಗ ಇಲ್ಲ. ಉಳಿದಿರುವುದರಲ್ಲಿ ಲೊಟ್ಟೆಯದೇ ಹಳೆಯದು.) ಗಾಜುಗಳನ್ನು ಒಂದರ ಮೇಲೊಂದು ಅಂತಸ್ತಾಗಿ ಇಟ್ಟು, ಹತ್ತಿರ ದೂರಗಳ ಭ್ರಮೆ ಹುಟ್ಟಿಸುವ ಉಪಾಯವನ್ನೂ ಅವಳ ಅಟ್ಟದಲ್ಲಿ ಡಿಸ್ನಿಗಿಂತ ಮೊದಲೇ ಬಳಸಿದ್ದರು.

ಮಗಳ ಲ್ಯಾಪ್‌ಟಾಪಿನಲ್ಲಿ ಆ ಚಿತ್ರ ನೋಡಿದೆ. ಒಂದು ಗಂಟೆಗೆ ಚೂರು ಹೆಚ್ಚು. ಮುಖಗಳೆಲ್ಲ ಕಪ್ಪು, ಕಣ್ಣಿಲ್ಲ, ತುಟಿ ಅಲ್ಲಾಡುವುದಿಲ್ಲ. ಹಿನ್ನೆಲೆ ಒಮ್ಮೆ ಕಿತ್ತಳೆ, ಒಮ್ಮೆ ನೀಲಿ, ಒಮ್ಮೆ ಹಸಿರು. ಮಾಂತ್ರಿಕನೂ ಮಾಟಗಾತಿಯೂ ಸಿಂಹವಾಗಿ ಹಾವಾಗಿ ಹದ್ದಾಗಿ ರೂಪ ಬದಲಿಸುತ್ತ ಹೊಡೆದಾಡುವ ದೃಶ್ಯ ಬಂದಾಗ ಮೊಮ್ಮಗುವಿನ ಹಾಗೆ ಬಾಯಿ ತೆರೆದುಕೊಂಡು ಕೂತಿದ್ದೆನಂತೆ.

ನನಗೆ ಆಗ ನೆನಪಾದದ್ದು ಅಜ್ಜಿಯ ಹಳ್ಳಿಯ ತೊಗಲುಗೊಂಬೆಯಾಟ. ಅರಳಿಕಟ್ಟೆಯ ಮುಂದೆ ಬಿಳಿ ಪಂಚೆ ಕಟ್ಟಿ, ಹಿಂದೆ ಎಣ್ಣೆದೀಪ ಹಚ್ಚಿ ರಾತ್ರಿಯೆಲ್ಲ ಆಡುತ್ತಿದ್ದರು. ಇವತ್ತು ರಾಮಾಯಣ, ನಾಳೆ ಮಹಾಭಾರತ. ಆದರೆ ಆಟ ಯಾವುದಾದರೂ ಕಿಳ್ಳೇಕ್ಯಾತ, ಬಂಗಾರಕ್ಕ ಮಾತ್ರ ಬಂದೇ ಬರುತ್ತಿದ್ದರು. ಲಂಕೆಯಲ್ಲೂ ಅವರೇ, ಹಸ್ತಿನಾವತಿಯಲ್ಲೂ ಅವರೇ. ಇಡೀ ಪೆಟ್ಟಿಗೆಯಲ್ಲಿ ಹೆಚ್ಚು ಸವೆದ ಗೊಂಬೆಗಳೂ ಅವೇ ಇದ್ದಿರಬೇಕು. ನಾನು ಅಜ್ಜಿಯನ್ನು ಕೇಳಿದ್ದೆ, ನಿನ್ನೆ ವಸಿಷ್ಠನಾಗಿದ್ದ ಗೊಂಬೆಯೇ ಇವತ್ತು ದ್ರೋಣ ಯಾಕಾಗಿದೆ ಎಂದು. 'ಗಡ್ಡ ಇರೋರೆಲ್ಲ ಒಂದೇ ಕಣೆ, ಸುಮ್ನೆ ನೋಡು' ಎಂದಿದ್ದಳು.

ಲೊಟ್ಟೆಯ ಮುಂದಿನ ಬದುಕು ಸುಗಮವಾಗಿರಲಿಲ್ಲ. ಹಿಟ್ಲರ್ ಬಂದ ಮೇಲೆ ಗಂಡ ಹೆಂಡತಿ ದೇಶ ಬಿಟ್ಟು ಊರೂರು ಅಲೆದರು. ಯುದ್ಧದ ಕೊನೆಯ ವರ್ಷಗಳಲ್ಲಿ ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳಲು ಅವಳು ಬರ್ಲಿನ್ನಿಗೇ ಮರಳಬೇಕಾಯಿತು. ಆ ಊರಿನ ಮೇಲೆ ಬಿದ್ದ ಬಾಂಬುಗಳಲ್ಲಿ ಅಹ್ಮದನ ಮೂಲ ನೆಗೆಟಿವ್ ನಾಶವಾಯಿತು. ಇಂಗ್ಲೆಂಡಿನ ಸಂಗ್ರಹದಲ್ಲಿ ಉಳಿದಿದ್ದ ಪ್ರತಿಯೊಂದರಿಂದ ಮತ್ತೆ ಕಟ್ಟಿ ನಿಲ್ಲಿಸಿದ ಚಿತ್ರವನ್ನೇ ನಾವೀಗ ನೋಡುವುದು. 1949ರಲ್ಲಿ ಲಂಡನ್ನಿಗೆ ಹೋದರು. 1953ರಿಂದ ಮೂರು ವರ್ಷಗಳಲ್ಲಿ ಟೆಲಿವಿಷನ್ನಿಗಾಗಿ ಹನ್ನೆರಡಕ್ಕೂ ಮಿಕ್ಕಿ ಕಾಲ್ಪನಿಕ ಕತೆಗಳನ್ನು ಮಾಡಿದಳು. ಜೊತೆಗಿದ್ದವನು ಆ ಹಳೆಯ ಬ್ಯಾಂಕರಿನ ಮಗ. 1922ರಲ್ಲಿ ಮಾಡಿದ್ದ ಸಿಂಡ್ರೆಲಾವನ್ನು 1954ರಲ್ಲಿ ಮತ್ತೆ ಮಾಡಿದಳು. ಅಹ್ಮದನ ಚಿತ್ರದೊಳಗೆ ಬರುವ ಅಲ್ಲಾದೀನನನ್ನೂ ಅದೇ ವರ್ಷ ಬೇರೆ ಚಿತ್ರವಾಗಿ ತಂದಳು. ಸಣ್ಣಪುಟ್ಟ ಕಾಸಿಗೆ, ಬೇಗಬೇಗ. ಒಮ್ಮೆ ಕಲಿತ ಕೈ, ಒಮ್ಮೆ ತಿಳಿದ ಕತೆ. 1963ರಲ್ಲಿ ಗಂಡ ತೀರಿಕೊಂಡ ಮೇಲೆ ಬಹಳ ಕಾಲ ಸುಮ್ಮನಾಗಿ, ಎಪ್ಪತ್ತು ದಾಟಿದ ಮೇಲೆ ಕೆನಡಾಕ್ಕೆ ಹೋಗಿ ಮತ್ತೆ ಚಿತ್ರ ಮಾಡಿದಳು. 1981ರ ಜೂನ್‌ನಲ್ಲಿ ತೀರಿಕೊಂಡಳು. ಅವಳ ಗೊಂಬೆಗಳು ಈಗ ಜರ್ಮನಿಯ ಟ್ಯೂಬಿಂಗೆನ್ ಊರಿನ ವಸ್ತುಸಂಗ್ರಹಾಲಯದಲ್ಲಿವೆ.

ಗೊಂಬೆ ಉಳಿಸಿ ಮತ್ತೆ ಬಳಸುವ ಈ ಕಸುಬನ್ನು ವ್ಯಾಪಾರವಾಗಿ ಬೆಳೆಸಿದವರು ಅಮೆರಿಕದವರು. ಟಾಮ್ ಮತ್ತು ಜೆರ್ರಿ ಮಾಡಿದ ಹ್ಯಾನಾ, ಬಾರ್ಬೆರಾ ಇಬ್ಬರೂ 1957ರಲ್ಲಿ ಸ್ಟುಡಿಯೋ ಬಾಗಿಲು ಹಾಕಿದ್ದರಿಂದ ಬೀದಿಗೆ ಬಿದ್ದರು. ಟೆಲಿವಿಷನ್ನಿನವರು ಕೊಡುತ್ತಿದ್ದದ್ದು ಸಿನಿಮಾದ ಹಣದ ಹತ್ತನೆಯ ಒಂದು ಪಾಲೂ ಅಲ್ಲ. ಆಗ ಮುಂಡವನ್ನು ಹಾಗೇ ಇಟ್ಟು ತಲೆ ಮಾತ್ರ ಅಲ್ಲಾಡಿಸುವ ಉಪಾಯ ಹೂಡಿದರು. ಯೋಗಿ ಕರಡಿಗೆ ಷರ್ಟಿಲ್ಲ, ಚಡ್ಡಿಯಿಲ್ಲ, ಕಾಲರೂ ಟೈಯೂ ಮಾತ್ರ ಇದೆಯಲ್ಲ, ಯಾಕೆಂದು ನಿಮಗೆ ಎಂದಾದರೂ ಅನ್ನಿಸಿದೆಯೇ? ತಲೆಯ ತುಂಡು ಮುಂಡಕ್ಕೆ ಸೇರುವ ಗೆರೆ ಕಾಣದಿರಲಿ ಎಂದು! ರವಿಕೆಯ ಜೋಡಣೆ ಕಾಣದಂತೆ ಪಟ್ಟಿ ಹಚ್ಚುವ ಹಾಗೆ. ಡಿಸ್ನಿಯವರಾದರೂ ಬಿಟ್ಟರೇ? 1973ರ ರಾಬಿನ್ ಹುಡ್‌ನಲ್ಲಿ ಹೆಣ್ಣುನರಿ ಕುಣಿಯುವುದು ಮೂವತ್ತಾರು ವರ್ಷ ಹಿಂದಿನ ಸ್ನೋ ವೈಟಳ ಕುಣಿತವನ್ನೇ, ಹೆಜ್ಜೆಗೆ ಹೆಜ್ಜೆ ಇಟ್ಟು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಗು ಬರುತ್ತದೆ. ಅದೇ ಸಂಸ್ಥೆ 1938ರಲ್ಲಿ ಕೆಲಸ ಕೇಳಿದ ಯುವತಿಯೊಬ್ಬಳಿಗೆ, ಚಿತ್ರ ರಚನೆಯ ಕೆಲಸ ಗಂಡಸರದು, ಹೆಂಗಸರಿಗೆ ಗೆರೆ ತಿದ್ದಿ ಬಣ್ಣ ತುಂಬುವುದಷ್ಟೇ ಎಂದು ಉತ್ತರ ಬರೆದಿತ್ತು. ಲೊಟ್ಟೆಯ ಚಿತ್ರ ಬಂದು ಆಗಲೇ ಹನ್ನೆರಡು ವರ್ಷ.

ಇಷ್ಟೆಲ್ಲ ನಾನು ಓದಿ ತಿಳಿದುಕೊಂಡದ್ದು ಬರೀ ಕುತೂಹಲಕ್ಕಲ್ಲ. ಕಾರಣ ಬೇರೆಯೇ ಇತ್ತು.

ಅಂದು ರಾತ್ರಿ ನಾನು ನೋಡಿದ ತುಂಡುಗಳ ಹೆಂಗಸು 'ಅಕ್ಕ'. ಹಳ್ಳಿಯ ತಾಯಂದಿರಿಗೆ ಪೌಷ್ಟಿಕ ಆಹಾರದ ಬಗ್ಗೆ ತಿಳಿಹೇಳುವ ಪುಟ್ಟ ಚಿತ್ರಗಳಿಗಾಗಿ ಮಗಳು ಮೂರು ತಿಂಗಳು ಕೂತು ಕಟ್ಟಿದ ಗೊಂಬೆ. ಮಾತು ಶುರುಮಾಡುವ ಮುಂಚೆ ಈ ಅಕ್ಕ ಸೆರಗನ್ನು ಬಲಗೈಯಿಂದ ಹಿಂದಿನಿಂದ ಸುತ್ತಿ ತಂದು, ಎಡ ಸೊಂಟಕ್ಕೆ ಸಿಕ್ಕಿಸಿ, ಅಂಗೈಯಿಂದ ಒಮ್ಮೆ ತಟ್ಟುತ್ತಾಳೆ. ಆ ತಟ್ಟುವುದು ನಮ್ಮಮ್ಮನದು. ಮಿಶನ್ನಿಗೆ ಕೂರುವ ಮುಂಚೆ ಅಮ್ಮ ಹಾಗೇ ತಟ್ಟುತ್ತಿದ್ದಳು. ಅಜ್ಜಿ ತೀರಿಕೊಂಡಾಗ ಮಗಳಿಗೆ ಹದಿನಾರು. ಅದನ್ನು ಅವಳು ಯಾವಾಗ ನೋಡಿ ಕಣ್ಣಲ್ಲಿ ಇಟ್ಟುಕೊಂಡಿದ್ದಳೋ!

ಬಸುರಿಯಾಗಿ ಏಳು ತಿಂಗಳಾದಾಗ ಕೆಲಸ ಬಿಟ್ಟಳು. ಬಿಡಬೇಕಾಯಿತು ಎನ್ನುವುದೇ ಸರಿ. ರಾತ್ರಿ ಪಾಳಿಗೆ ಬರಲಾಗದವರಿಗೆ ಅಲ್ಲಿ ಜಾಗ ಇರಲಿಲ್ಲ. ಬಾಣಂತನಕ್ಕೆ ನಮ್ಮೂರಿಗೆ ಬಂದಳು. ಮಗುವಿಗೆ ನಾಲ್ಕು ತಿಂಗಳಿದ್ದಾಗ ಒಂದು ಸಂಜೆ ಟೀವಿಯಲ್ಲಿ ಪಾತ್ರೆ ತೊಳೆಯುವ ಸೋಪಿನ ಜಾಹೀರಾತು ಬಂತು. ಹಸಿರು ಸೀರೆಯ ಹೆಂಗಸೊಬ್ಬಳು ಬಂದು ಸೆರಗು ಸಿಕ್ಕಿಸಿ, ಅಂಗೈಯಿಂದ ತಟ್ಟಿದಳು. ನಾನು ಮೊದಲು ಅಮ್ಮನನ್ನೇ ಕಂಡ ಹಾಗೆ ಬೆಚ್ಚಿದೆ. ಮಗಳು ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಿಂತವಳು ನಿಂತೇ ಇದ್ದಳು. 'ಮೂಗುಬೊಟ್ಟು ಹಾಕಿದಾರೆ. ಸೀರೆ ಬದಲಾಯಿಸಿದಾರೆ. ಕೈ ನಂದೇ ಅಮ್ಮ' ಎಂದಳು. ಆಮೇಲೆ ಅದೇ ಅಕ್ಕನನ್ನು ಚೀಟಿ ಹಣದ ಜಾಹೀರಾತಿನಲ್ಲೂ ನೋಡಿದೆವು. ಅಲ್ಲಿ ಅವಳು ತೆಳ್ಳಗಾಗಿದ್ದಳು.

ನನ್ನ ಸೋದರಮಾವನ ಮಗ ವಕೀಲ. ಅವನು ಪುಸ್ತಕ ತೆಗೆದು ವಿವರಿಸಿದ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಸಂಬಳಕ್ಕಿದ್ದು ಮಾಡಿದ ಕೆಲಸದ ಮೊದಲ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಂಬಳ ಕೊಟ್ಟವರದು. ಆದರೆ 57ನೆಯ ಕಲಮಿನಲ್ಲಿ, ಒಡೆತನ ಕೈಬಿಟ್ಟರೂ ಇದು ನಾನು ಮಾಡಿದ್ದು ಎಂದು ಹೇಳಿಕೊಳ್ಳುವ ಹಕ್ಕು ಮಾಡಿದವರಿಗೆ ಇದೆ. 'ಕೇಸು ಹಾಕಬಹುದಕ್ಕಾ. ಯಾವಾಗ ಮುಗಿಯುತ್ತೆ ಅಂತ ಮಾತ್ರ ಕೇಳಬೇಡ' ಎಂದ. ಮಗಳು ಕೇಸು ಬೇಡವೆಂದಳು. ಒಂದು ಪತ್ರ ಬರೆದಳು. ಅವಳು ಕೇಳಿದ್ದು ದುಡ್ಡಲ್ಲ. ಆಹಾರದ ಚಿತ್ರಗಳ ಕೊನೆಯಲ್ಲಾದರೂ ಗೊಂಬೆ ಕಟ್ಟಿದವಳ ಹೆಸರು ಹಾಕಿ ಎಂದಷ್ಟೇ. ಉತ್ತರ ಬರಲಿಲ್ಲ.

ನನಗಂತೂ ಸಿಟ್ಟು ಇಳಿಯಲಿಲ್ಲ. ಲೊಟ್ಟೆಯ ಕಾಲದಲ್ಲಿ ಗೊಂಬೆ ಒಂದು ಪೆಟ್ಟಿಗೆಯಲ್ಲಿ ಇರುತ್ತಿತ್ತು, ಪೆಟ್ಟಿಗೆ ಅವಳ ಹತ್ತಿರ ಇರುತ್ತಿತ್ತು. ತೊಗಲುಗೊಂಬೆಯವರದೂ ಹಾಗೆಯೇ, ಊರು ಬಿಟ್ಟರೆ ಪೆಟ್ಟಿಗೆಯೂ ಜೊತೆಗೆ ಗಾಡಿ ಹತ್ತುತ್ತಿತ್ತು. ಅಮ್ಮ ಆ ಮೊಳೆಯ ಕಾಗದಗಳನ್ನು ಯಾರಿಗೂ ಕೊಟ್ಟವಳಲ್ಲ. ಪಕ್ಕದ ಬೀದಿಯಲ್ಲಿ ಹೊಸ ಟೈಲರ್ ಅಂಗಡಿ ಬಂದಾಗ ಅವನು ನಯವಾಗಿ ಕೇಳಿದ್ದ. 'ನಮ್ಮ ಹೆಂಗಸರ ಮೈ ಅಳತೆ ಕಣಪ್ಪ ಅದು' ಎಂದು ಕಾಫಿ ಕೊಟ್ಟು ಕಳಿಸಿದ್ದಳು.

ಮಗು ಈಗ ಅಂಬೆಗಾಲಿಡುತ್ತದೆ. ಮಗಳು ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ, ಅಮ್ಮನ ಮಿಶನ್ನು ಇದ್ದ ಕಡೆ, ತನ್ನ ಕಂಪ್ಯೂಟರು ಇಟ್ಟುಕೊಂಡು ಹೊರಗಿನ ಕೆಲಸ ಹಿಡಿದಿದ್ದಾಳೆ. ಈ ಸಲ ಕರಾರು ಪತ್ರವನ್ನು ವಕೀಲನಿಗೆ ತೋರಿಸಿ, ಎರಡು ಕಡೆ ತಿದ್ದಿಸಿಯೇ ಸಹಿ ಮಾಡಿದ್ದು. ಹೋದ ವಾರ ಹೊಸ ಗೊಂಬೆಯೊಂದಕ್ಕೆ ನಡಿಗೆ ಬೇಕೆಂದು ನನ್ನನ್ನು ಅಂಗಳದಲ್ಲಿ ನಡೆಸಿ ಮೊಬೈಲಿನಲ್ಲಿ ಚಿತ್ರ ತೆಗೆದಳು. ಕೊನೆಗೆ ಸೆರಗು ಸಿಕ್ಕಿಸು ಎಂದಳು. ಸಿಕ್ಕಿಸಿ, ತಟ್ಟಿದೆ. ಮತ್ತೊಮ್ಮೆ ಎಂದಳು. ಏಳು ಸಲ ಮಾಡಿಸಿದಳು.

'ಅಜ್ಜಿ ತಟ್ಟಿದ ಹಾಗೆ ಆಗ್ತಿಲ್ಲಮ್ಮ' ಎಂದಳು.

'ಅವಳ ಹಾಗೆ ನನಗೆ ಹೇಗೆ ಬರುತ್ತೆ, ನಾನು ಸೀಮೆಸುಣ್ಣ ಹಿಡಿದವಳು.'

ಅವಳು ಮೊಬೈಲಿನಲ್ಲಿ ನನ್ನ ಕೈಯನ್ನೇ ಹಿಂದೆ ಮುಂದೆ ಓಡಿಸಿ ನೋಡಿದಳು. ಬೋರ್ಡು ಒರೆಸಿದ ಮೇಲೆ ಪುಡಿ ಕೊಡವಿಕೊಳ್ಳುವ ಹಾಗೆ ಎರಡು ಸಲ ತಟ್ಟುತ್ತೇನಂತೆ. 'ಇರಲಿ, ಇದಕ್ಕೆ ಎರಡು ಸಲವೇ ಇರಲಿ' ಎಂದು ಒಳಗೆ ಹೋದಳು.